ಅಕ್ಕನ ಅರ್ಧ

ಗೋಡೆಯ ಮೇಲಿನ ಪರದೆ ಮತ್ತೆ ಕೆಂಪಾಯಿತು. ಈ ಸಲವೂ ಅದರ ಕೆಳಗೆ ಬಂದದ್ದು ಹೊಸಬಳ ಹೆಸರೇ. ಕೋಣೆಯಲ್ಲಿದ್ದವರು ಒಮ್ಮೆ ತಲೆಯೆತ್ತಿ ನೋಡಿದರು. ನೋಡಲೇ ಇಲ್ಲವೆಂಬಂತೆ ತಮ್ಮ ಕೆಲಸಕ್ಕೆ ಮರಳಿದರು. ಹಾಗೆ ಮರಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಕೀಲಿಮಣೆಯ ಮೇಲಿನ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಎದುರು ಮೂಲೆಯಲ್ಲಿ ಕುಳಿತಿದ್ದ ಅಕ್ಕ ಇದನ್ನು ಕನ್ನಡಕದ ಮೇಲಿನಿಂದ ನೋಡಿದರು. ಎದ್ದು ಹೋಗಬೇಕೆನಿಸಿತು. ಆದರೆ ಹೋಗಿ ಹೇಳುವುದಕ್ಕೆ ಏನು ಉಳಿದಿತ್ತು? ಹೇಳಬೇಕಾದ್ದನ್ನೆಲ್ಲ ಗೋಡೆಯೇ ಹೇಳಿ ಮುಗಿಸಿತ್ತು.

ಅದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಪುಟ್ಟ ಕಚೇರಿ. ಕಿಟಕಿ ತೆರೆದರೆ ಬಿಸಿ ಇಸ್ತ್ರಿಯ ವಾಸನೆ ಮೇಲಕ್ಕೆ ಬರುತ್ತಿತ್ತು. ಬೆರಳೆಣಿಕೆಯ ಜನ ಕೂತು ಔಷಧಿ ಅಂಗಡಿಗಳಿಗೆ ಬೇಕಾದ ತಂತ್ರಾಂಶ ಬರೆಯುತ್ತಿದ್ದರು. ಅಂಗಡಿಯವನು ಮಾತ್ರೆಯ ಪೊಟ್ಟಣಕ್ಕೆ ಅಂಟಿಸುವ ಚೀಟಿ ಇರುತ್ತದಲ್ಲ, ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ ಎಂದು, ಆ ಚೀಟಿ ಮುದ್ರಿಸುವ ಕೆಲಸ ಅದರದ್ದು. ಕೇಳಿದರೆ ಸಣ್ಣದು. ಆದರೆ ಒಂದು ಸೊನ್ನೆ ಹೆಚ್ಚಾದರೂ ಒಂದು ಮನೆಯ ಗತಿ ಏನಾದೀತು ಎಂದು ಅಲ್ಲಿನ ಎಲ್ಲರಿಗೂ ಗೊತ್ತಿತ್ತು.

ಅಕ್ಕ ಅಲ್ಲಿಯ ಹಿರಿಯ ಎಂಜಿನಿಯರ್. ಕಚೇರಿಯ ಯಜಮಾನರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಏಕೆಂದರೆ ಅವರು ಹುಡುಗರಾಗಿ ಕೆಲಸ ಕಲಿತದ್ದು ಅಕ್ಕನ ಪಕ್ಕದ ಕುರ್ಚಿಯಲ್ಲಿ. ದಿನವಿಡೀ ಪ್ರತಿಯೊಬ್ಬರೂ ತಮ್ಮ ತಮ್ಮ ಭಾಗದ ಕೋಡ್ ಬರೆದಿರುತ್ತಿದ್ದರು. ಒಬ್ಬರು ಬರೆದದ್ದು ತನ್ನ ಮಟ್ಟಿಗೆ ಸರಿಯಿದ್ದರೂ ಇನ್ನೊಬ್ಬರದಕ್ಕೆ ಹೊಂದದೆ ಹೋಗಬಹುದು. ಸಂಜೆ ಎಲ್ಲರೂ ಹೊರಟ ಮೇಲೆ ಅಕ್ಕ ಕೂತು, ಎಲ್ಲವನ್ನೂ ಒಂದುಗೂಡಿಸಿ, ತಪ್ಪು ಹಿಡಿಯಲೆಂದೇ ಬರೆದಿಟ್ಟ ಹಳೆಯ ಪರೀಕ್ಷೆಗಳನ್ನೆಲ್ಲ ಓಡಿಸಿ, ತಮ್ಮ ಮೇಜಿನ ಪ್ರಿಂಟರಿನಲ್ಲಿ ಒಂದಷ್ಟು ಚೀಟಿ ತೆಗೆದು, ಕೈಯಲ್ಲಿ ಹಿಡಿದು ಓದುತ್ತಿದ್ದರು. ತಪ್ಪು ಸಿಕ್ಕರೆ ಮರುದಿನ ಬೆಳಿಗ್ಗೆ ನೀರಿನ ಬಾಟಲಿ ಹಿಡಿದು ಎದ್ದು, ನೀರಿಗೆಂದು ಹೊರಟವರ ಹಾಗೆ ಆ ಮೇಜಿನ ಬಳಿ ನಿಂತು, ಬಾಗಿ, "ಒಂಚೂರು ಇಲ್ಲಿ ನೋಡ್ತೀಯಾ" ಎನ್ನುತ್ತಿದ್ದರು. ಮೂರನೆಯವರಿಗೆ ತಿಳಿಯುತ್ತಿರಲಿಲ್ಲ.

ಅಲ್ಲಿ ಇನ್ನೊಂದು ರೂಢಿಯಿತ್ತು. ತಪ್ಪು ಮಾಡಿದವರೇ ಅದನ್ನು ತಿದ್ದಿ, ಆ ತಪ್ಪು ಇನ್ನೆಂದೂ ನುಸುಳದಂತೆ ಹಿಡಿಯುವ ಪರೀಕ್ಷೆಯೊಂದನ್ನು ಬರೆದು, ಅದಕ್ಕೆ ತಮ್ಮ ಹೆಸರಿಡಬೇಕು. ಇಡಲೇಬೇಕೆಂದೇನಿಲ್ಲ, ಆದರೆ ಎಲ್ಲರೂ ಇಟ್ಟಿದ್ದರು. ವಾರಕ್ಕೆ ಮೂರು ದಿನದ ಮಾತ್ರೆಯ ಚೀಟಿಯಲ್ಲಿ ಮಂಗಳವಾರವನ್ನು ಬಿಟ್ಟುಬಿಡುತ್ತಿದ್ದ ತಪ್ಪು ಹಿಂದೊಮ್ಮೆ ಯಜಮಾನರ ಕೈಯಿಂದ ಆದದ್ದು. ಆ ಪರೀಕ್ಷೆಯ ಹೆಸರು 'ಯಜಮಾನರ ಮಂಗಳವಾರ'. ಎತ್ತರದ ಹುಡುಗನೊಬ್ಬನಿದ್ದ, ಬಾಗಿಲಿಗೆ ತಲೆ ತಾಗಿಸಿಕೊಳ್ಳುವವನು; ಅವನದು 'ಲಂಬುವಿನ ಸೊನ್ನೆ'. ಹೊಸ ಗಿರಾಕಿಗಳು ಬಂದಾಗ ಯಜಮಾನರು ತಮ್ಮ ಮಂಗಳವಾರದ ಕಥೆಯನ್ನು ಪ್ರಶಸ್ತಿ ಬಂದ ಕಥೆಯ ಹಾಗೆ ಹೇಳುತ್ತಿದ್ದರು.

ಲಂಬುವೇ ಈ ಗೋಡೆಯ ಪರದೆಯನ್ನು ತಂದವನು. ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾಗ ಒಂದುಗೂಡಿಸುವ ಕೆಲಸ ಹಾಗೇ ಉಳಿದು, ಎಲ್ಲರ ಕೋಡೂ ಬಾಚದ ಕೂದಲಿನ ಹಾಗೆ ಸಿಕ್ಕಾಗಿ, ಬಿಡಿಸುವಷ್ಟರಲ್ಲಿ ಗಿರಾಕಿಗಳ ಬಾಯಿಗೆ ಬಿದ್ದಿದ್ದರು. ಆಗ ಅವನು ಒಂದು ಟೂಲಿನ ಮಾತೆತ್ತಿದ. ಯಾರೇ ತಮ್ಮ ಕೋಡ್ ಸೇರಿಸಿದರೂ ಆ ಕ್ಷಣವೇ ಅದು ತಾನಾಗಿ ಎಲ್ಲವನ್ನೂ ಒಂದುಗೂಡಿಸಿ, ಎಲ್ಲ ಪರೀಕ್ಷೆಗಳನ್ನೂ ಓಡಿಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಸೇರಿಸಿದವರ ಹೆಸರಿನ ಸಮೇತ. ಎಲ್ಲರನ್ನೂ ತಪಾಸಣೆ ಮಾಡುತ್ತದೆಂದು ಅದಕ್ಕೆ ಕಚೇರಿಯಲ್ಲಿ 'ಇನ್ಸ್‌ಪೆಕ್ಟರ್' ಎಂದು ಹೆಸರಾಯಿತು.

ಒಂದು ತಿಂಗಳು ಇಟ್ಟು ನೋಡೋಣ ಎಂದರು ಯಜಮಾನರು. ತಿಂಗಳ ಕೊನೆಯ ಶುಕ್ರವಾರ ಎಲ್ಲರ ಮುಂದೆ ತೀರ್ಮಾನ ಹೇಳಬೇಕಾದವರು ಅಕ್ಕ.

"ಲಾಭ ಏನು, ನಷ್ಟ ಏನು, ಎರಡನ್ನೂ ತೂಗಿ ಹೇಳಿ ಅಕ್ಕ" ಎಂದಿದ್ದರು ಅವರು. "ನೀವು ಬೇಡ ಅಂದ್ರೆ ಬೇಡ. ನಾನು ಎರಡನೇ ಮಾತು ಆಡಲ್ಲ."

ಆ ನಂಬಿಕೆಯೇ ಅಕ್ಕನಿಗೆ ಭಾರವಾಗಿತ್ತು. ಬೇಡವೆಂದರೆ ಕುರ್ಚಿಗೆ ಅಂಟಿಕೊಂಡಳು ಎಂದಾರು. ಬೇಕೆಂದರೆ ಇಷ್ಟು ವರ್ಷ ಸಂಜೆಯ ಆ ಹೊತ್ತಿನಲ್ಲಿ, ಖಾಲಿ ಕೋಣೆಯಲ್ಲಿ, ಎಲ್ಲರ ಕೆಲಸವೂ ತಮ್ಮ ಕೈಕೆಳಗೆ ಒಂದಾಗುವುದನ್ನು ನೋಡುತ್ತಿದ್ದ ಸುಖ ಅವತ್ತಿಗೆ ಮುಗಿಯಿತು. ಅದು ಬರೀ ಕೆಲಸವಾಗಿರಲಿಲ್ಲ. ತಾನು ನೋಡದ ಒಂದು ಚೀಟಿಯೂ ಈ ಮೆಟ್ಟಿಲಿಳಿದು ಹೋಗಿಲ್ಲ ಎಂಬ ಹೆಮ್ಮೆ ಅದರಲ್ಲಿತ್ತು. ತೋರಿಸಿಕೊಂಡವರಲ್ಲ, ಅಷ್ಟೆ.

ಮನೆಯಲ್ಲಿ ಈ ಮಾತು ಬಂದಾಗ ಅವರ ಪತಿ, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಊಟದ ತಟ್ಟೆಗಳನ್ನು ಜೋಡಿಸುತ್ತಿದ್ದರು. ಅಕ್ಕ ಎಷ್ಟು ಹೊತ್ತಿಗೆ ಬಂದರೂ ಅವರು ಒಬ್ಬರೇ ಊಟ ಮಾಡಿದವರಲ್ಲ.

"ಆ ಇನ್ಸ್‌ಪೆಕ್ಟರ್ ಉಳಿದ್ರೆ ನೀನು ಬೇಗ ಮನೆಗೆ ಬರ್ತೀಯಾ?" ಎಂದು ಕೇಳಿದರು.

"ಬರಬಹುದು."

"ಹಾಗಾದ್ರೆ ನಾನು ಅದರ ಪಾರ್ಟಿ. ಆದ್ರೆ ನನ್ನ ಓಟು ಯಾರಿಗೆ ಬೇಕು."

ಊಟವಾದ ಮೇಲೆ ರಕ್ತದೊತ್ತಡದ ಮಾತ್ರೆಯ ಪೊಟ್ಟಣವನ್ನು ದೀಪದ ಕೆಳಗೆ ಹಿಡಿದು, ತೋಳನ್ನು ಪೂರ್ತಿ ಚಾಚಿ, ಕಣ್ಣು ಕಿರಿದು ಮಾಡಿ ಚೀಟಿ ಓದಲು ಪ್ರಯತ್ನಿಸಿದರು. ಅಕ್ಕ ಕನ್ನಡಕ ತಂದುಕೊಟ್ಟರು. ಅವರು ಹಾಕಿಕೊಳ್ಳಲಿಲ್ಲ. "ನನ್ನ ಕೈ ಇನ್ನೊಂದು ಗೇಣು ಉದ್ದ ಇದ್ದಿದ್ರೆ ಕನ್ನಡಕವೇ ಬೇಕಿರಲಿಲ್ಲ" ಎಂದರು. ಅಕ್ಕ ನಕ್ಕರು. ಆದರೆ ಆ ಚಾಚಿದ ತೋಳು ಮನಸ್ಸಿನಲ್ಲಿ ಉಳಿಯಿತು. ಚೀಟಿಯ ಅಕ್ಷರ ಸ್ವಲ್ಪ ದೊಡ್ಡದಿದ್ದರೆ ಏನಾಗುತ್ತಿತ್ತು? ಆ ಅಕ್ಷರದ ಗಾತ್ರ ನಿರ್ಧರಿಸಿದ್ದು ಬೇರೆ ಯಾರೂ ಅಲ್ಲ, ಅವರೇ. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ.

ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಅಕ್ಕನಿಗೆ ಟೂಲಿನ ಗುಣವೂ ಅವಗುಣವೂ ಕಂಡಿದ್ದವು. ಅದಕ್ಕೆ ದಣಿವಿಲ್ಲ. ಬೆಳಿಗ್ಗೆ ಮಾಡಿದ ತಪ್ಪನ್ನು ಕಾಫಿ ಆರುವುದರೊಳಗೆ ಹೇಳುತ್ತದೆ, ಮರುದಿನದವರೆಗೆ ಕಾಯಬೇಕಿಲ್ಲ. ಆದರೆ ಒಮ್ಮೆ ಪ್ರಿಂಟರ್ ಉತ್ತರ ಕೊಡಲಿಲ್ಲವೆಂದು ಯಾರ ತಪ್ಪೂ ಇಲ್ಲದೆ ಕೆಂಪಾಯಿತು. ಲಂಬು "ಅದನ್ನ ಬಿಡಿ, ಸುಮ್ಮನೆ ಬರುತ್ತೆ" ಎಂದ. ಸುಮ್ಮನೆ ಬರುವ ಕೆಂಪಿಗೆ ಜನ ಒಗ್ಗಿಕೊಂಡರೆ ನಿಜವಾದ ಕೆಂಪನ್ನೂ ಬಿಟ್ಟಾರು ಎಂದು ಅಕ್ಕ ಹೇಳಿದಾಗ ಅವನು ಎದುರಾಡದೆ ಊಟ ಬಿಟ್ಟು ಕೂತು ಅದನ್ನು ಸರಿಮಾಡಿದ. ಕೆಲವರು, ಹೇಗೂ ಅದು ನೋಡುತ್ತದಲ್ಲ ಎಂದು ತಮ್ಮ ಕಣ್ಣಿನಿಂದ ನೋಡುವುದನ್ನೇ ಕಡಿಮೆ ಮಾಡಿದ್ದರು. ಇವೆಲ್ಲ ಸರಿಮಾಡಬಹುದಾದವು. ಅಕ್ಕನಿಗೆ ಸರಿಬಾರದ್ದು ಬೇರೆ ಇತ್ತು.

ಗೋಡೆಯ ಮೇಲೆ ಈಗ ಹೊಸಬಳ ಹೆಸರು ಕೆಂಪಿನಲ್ಲಿ ಬರುತ್ತಿರಲಿಲ್ಲ. ಹಸಿರಿನಲ್ಲೂ ಬರುತ್ತಿರಲಿಲ್ಲ. ಅವಳು ಕೋಡ್ ಸೇರಿಸುವುದನ್ನೇ ನಿಲ್ಲಿಸಿದ್ದಳು.

ಹೊಸಬಳೆಂದರೆ ಚಿಕ್ಕವಳೇನಲ್ಲ. ಇಬ್ಬರು ಮಕ್ಕಳನ್ನು ಹೈಸ್ಕೂಲಿನವರೆಗೆ ತಂದು, ಬಿಟ್ಟ ಕೆಲಸಕ್ಕೆ ವರ್ಷಗಳ ಮೇಲೆ ಮರಳಿದವಳು. ಮಧ್ಯಾಹ್ನ ಡಬ್ಬಿ ತೊಳೆಯುವ ಕಡೆ ಅಕ್ಕ ಅವಳ ಪಕ್ಕ ನಿಂತರು. ಕೇಳದೇ ಇದ್ದರೂ ಅವಳೇ ಹೇಳಿದಳು. ಎಲ್ಲ ಪಕ್ಕಾ ಆದ ಮೇಲೆ ಒಟ್ಟಿಗೇ ಸೇರಿಸುತ್ತಾಳಂತೆ.

"ಮನೇಲಿ ಎಲ್ಲರ ಹತ್ರ ಹೇಳಿಕೊಂಡು ಬಂದಿದೀನಿ ಅಕ್ಕ, ಮತ್ತೆ ಕೆಲಸ ಸಿಕ್ತು ಅಂತ" ಎಂದಳು, ನಲ್ಲಿಯ ಕಡೆ ನೋಡುತ್ತಾ. "ದಿನಾ ಗೋಡೆ ಮೇಲೆ ನನ್ನ ಹೆಸರೇ ಕೆಂಪಗೆ ಬರ್ತಿದ್ರೆ, ಇವಳನ್ನ ಯಾಕಾದ್ರೂ ತಗೊಂಡ್ವಿ ಅನ್ಸಲ್ವಾ ಎಲ್ಲರಿಗೂ?"

ಅಕ್ಕ ಕಿಟಕಿಯಿಂದ ಕೆಳಗೆ ತೋರಿಸಿದರು. ಅಂಗಡಿಯ ಮುಂದೆ ಒಬ್ಬರು ಬೆಟ್ಟದಷ್ಟು ಬಟ್ಟೆಯ ಗಂಟು ಇಳಿಸುತ್ತಿದ್ದರು.

"ನೋಡು, ತಿಂಗಳ ಬಟ್ಟೆ ಕೂಡಿಟ್ಟುಕೊಂಡು ಬಂದಿದಾರೆ. ಯಾವ ಕಲೆ ಯಾವತ್ತಿನದು ಅಂತ ಅವರಿಗೂ ಗೊತ್ತಿರಲ್ಲ ಈಗ. ನೀನು ಮಾಡ್ತಿರೋದೂ ಅದೇ ಅಲ್ವಾ?"

ಅವಳು ನಕ್ಕಳು, ಕಣ್ಣು ಒದ್ದೆಯಿದ್ದರೂ.

ಅಕ್ಕ ಅವಳನ್ನು ತಮ್ಮ ಮೇಜಿಗೆ ಕರೆದುಕೊಂಡು ಹೋಗಿ ಪರೀಕ್ಷೆಗಳ ಪಟ್ಟಿ ತೆರೆದರು. ಮಂಗಳವಾರದ ಕಥೆ, ಸೊನ್ನೆಯ ಕಥೆ, ಈಗ ಬೇರೆಡೆ ದೊಡ್ಡ ಹುದ್ದೆಯಲ್ಲಿರುವವರ ಕಥೆ ಒಂದೊಂದಾಗಿ ಹೇಳಿದರು. ಹೊಸಬಳು ಮಾಡಿದ್ದ ತಪ್ಪು ಇಷ್ಟೇ: ಸಣ್ಣ ಊರಿನ ಅಂಗಡಿಗಳಲ್ಲಿ ಚೀಟಿಯ ರೋಲು ಕಿರಿದು, ಅವಳು ಸೇರಿಸಿದ ಸಾಲೊಂದು ಅಲ್ಲಿ ಅಂಚಿನಾಚೆ ಹೋಗಿ ಕೊನೆಯ ಪದ ಬಿದ್ದುಹೋಗುತ್ತಿತ್ತು. ಅದನ್ನು ಹಿಡಿಯುವ ಪರೀಕ್ಷೆ ಆವರೆಗೂ ಇರಲಿಲ್ಲ. ಬೇರೇನೋ ಪರೀಕ್ಷೆ ಎಡವಿದ್ದರಿಂದ ಆಕಸ್ಮಿಕವಾಗಿ ಸಿಕ್ಕಿತ್ತು. ಅದನ್ನೇ ಬರಿ ಎಂದರು ಅಕ್ಕ. ಎಲ್ಲ ಔಷಧಿಗಳ ಚೀಟಿಯನ್ನೂ ಕಿರಿದಾದ ರೋಲಿನ ಅಳತೆಯಲ್ಲಿಟ್ಟು, ಒಂದು ಪದವೂ ಬೀಳಲಿಲ್ಲವೆಂದು ನೋಡುವ ಪರೀಕ್ಷೆ. "ಈ ಪಟ್ಟಿ ಹಾಜರಿ ಪುಸ್ತಕ ಇದ್ದ ಹಾಗೆ ಕಣಮ್ಮ. ಹೆಸರು ಬಂದ ಮೇಲೇನೇ ಇಲ್ಲಿಯವರು ಅಂತ ಲೆಕ್ಕ."

ಹೊಸಬಳು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಮದು ಎಲ್ಲಿದೆ ಅಕ್ಕ?"

"ನನ್ನದು ಇಲ್ಲ" ಎಂದರು ಅಕ್ಕ. ಹೇಳುವಾಗ ದನಿ ತುಸು ಮೇಲೆ ಹೋಯಿತು. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಒಂದು ರೀತಿ ಕೇಳಿಸಿತು. ಎಲ್ಲರ ಕೆಲಸ ನೋಡಿದ ಮೇಲೆ ದೀಪ ಆರಿಸಿ ಹೋಗುತ್ತಿದ್ದವರು ಅವರು. ಅವರ ಕೆಲಸ ನೋಡಲು ಕೋಣೆಯಲ್ಲಿ ಇನ್ನಾರೂ ಉಳಿದಿರುತ್ತಿರಲಿಲ್ಲ.

ಮರುದಿನ 'ಹೊಸಬಳ ಚೀಟಿ' ಪಟ್ಟಿಗೆ ಸೇರಿತು. ಪರದೆ ಹಸಿರಾದಾಗ ಅವಳು ಯಾರಿಗೂ ಕಾಣದಂತೆ ಫೋನ್ ತೆಗೆದು ಗೋಡೆಯ ಫೋಟೊ ಹಿಡಿದಳು. ಅಕ್ಕನಿಗೆ ಕಂಡಿತು. ಕಾಣದ ಹಾಗೆ ಬೇರೆ ಕಡೆ ತಿರುಗಿದರು.

ಶುಕ್ರವಾರ ಬಂತು. ಅವತ್ತು ಮಧ್ಯಾಹ್ನದವರೆಗೆ ಅಕ್ಕ ತಮ್ಮದೇ ಒಂದು ಕೆಲಸದಲ್ಲಿ ಮುಳುಗಿದ್ದರು. ಚೀಟಿಯ ಅಕ್ಷರಗಳನ್ನು ದೊಡ್ಡದು ಮಾಡಿ, ಎಂದಿನಂತೆ ಮೇಜಿನ ಪ್ರಿಂಟರಿನಲ್ಲಿ ತೆಗೆದು, ತೋಳು ಚಾಚಿ ಹಿಡಿದು, ಕನ್ನಡಕ ತೆಗೆದು ಓದಿದರು. ಓದಲು ಬಂತು. ತೃಪ್ತಿಯಾಯಿತು. ಕೋಡ್ ಸೇರಿಸಿ, ಎಲ್ಲರೂ ಕುರ್ಚಿ ಎಳೆದುಕೊಂಡು ಕೂತಿದ್ದ ಕಡೆ ಹೋಗಿ ನಿಂತರು.

ಯಜಮಾನರು ಮೊದಲ ಸಾಲಿನಲ್ಲಿ, ಪಾಠಕ್ಕೆ ಕೂತ ಹಾಗೆ ಕೂತಿದ್ದರು. ಅಕ್ಕ ಲಾಭಗಳಿಂದ ಶುರುಮಾಡಿದರು. ಕಣ್ಣಿನ ಆಪರೇಷನ್ನಿನ ವಾರದ ಸಿಕ್ಕುಗಳನ್ನು ನೆನಪಿಸಿದರು. ಒಬ್ಬಳ ಮೇಲೆ ಒಂದು ಕಚೇರಿ ನಿಲ್ಲಬಾರದು ಎಂದರು. ಮುಂದಿನ ಮಾತು ಹುಡುಕುತ್ತಿರುವಾಗ ಎದುರಿಗೆ ಕೂತವರ ಮುಖಗಳ ಬಣ್ಣ ಬದಲಾಯಿತು. ನಿಜಕ್ಕೂ ಬದಲಾಯಿತು, ಕೆಂಪು ಬೆಳಕು ಬಿದ್ದಿತ್ತು.

ಅಕ್ಕ ತಿರುಗಿ ನೋಡಿದರು. ಪರದೆಯಲ್ಲಿ ಅವರದೇ ಹೆಸರು. ಅದರ ಕೆಳಗೆ, ಎಡವಿದ ಪರೀಕ್ಷೆ: 'ಹೊಸಬಳ ಚೀಟಿ'.

ಆಗ ಲಂಬು ಎದ್ದ. ಗೋಡೆಯ ಗಡಿಯಾರ ಯಾಕೋ ಹಿಂದಿದೆ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾ ಹೋಗಿ, ಪರದೆಯ ಮುಂದೆ ನಿಂತು, ಎರಡೂ ಕೈ ಎತ್ತಿ ಗಡಿಯಾರದ ಮುಳ್ಳು ತಿರುಗಿಸತೊಡಗಿದ. ಅವನ ಬೆನ್ನಿನ ಹಿಂದೆ ಪರದೆ ಪೂರ್ತಿ ಮರೆಯಾಯಿತು.

ಹೊಸಬಳು ಅಷ್ಟರಲ್ಲಿ ತನ್ನ ಕಂಪ್ಯೂಟರಿನಲ್ಲಿ ಏನಾಗಿದೆಯೆಂದು ತೆರೆದು ನೋಡಿದ್ದಳು. ಮೇಜಿನ ಮೇಲಿದ್ದ ನೀರಿನ ಬಾಟಲಿ ಕೈಗೆತ್ತಿಕೊಂಡಳು. ಅದು ತುಂಬಿತ್ತು, ನೀರು ಬೇಕಿರಲಿಲ್ಲ. ಅಕ್ಕನ ಪಕ್ಕಕ್ಕೆ ಬಂದು, ಬಾಗಿ, ಇತರರಿಗೆ ಕೇಳಿಸದ ಹಾಗೆ ಹೇಳಿದಳು.

"ಅಕ್ಕ, ಒಂಚೂರು ಇಲ್ಲಿ ನೋಡ್ತೀರಾ?"

ಅಕ್ಕ ಅವಳ ಮೇಜಿಗೆ ಹೋಗಿ ನೋಡಿದರು. ಕಿರಿದಾದ ರೋಲಿನ ಒಂದು ಚೀಟಿ. ಮಾತ್ರೆಯ ಹೆಸರು ಉದ್ದ. ಅಕ್ಷರ ದೊಡ್ಡದಾದ್ದರಿಂದ ಅದೇ ಸಾಲಿನ ಕೊನೆಯಲ್ಲಿದ್ದ 'ಅರ್ಧ' ಎಂಬ ಪದ ಅಂಚಿನಾಚೆ ಹೋಗಿ ಇಲ್ಲವಾಗಿತ್ತು. ಕೆಳಗಿನ ಸಾಲಿನಲ್ಲಿ 'ಮಾತ್ರೆ, ರಾತ್ರಿ, ಊಟದ ನಂತರ' ಎಂದಷ್ಟೇ ಉಳಿದಿತ್ತು. ಇದೇ ಅಂಗಡಿಗೆ ಹೋಗಿದ್ದರೆ ಅರ್ಧ ನುಂಗಬೇಕಾದವರು ಇಡೀ ನುಂಗುತ್ತಿದ್ದರು. ಅಕ್ಕನ ಮೇಜಿನ ಪ್ರಿಂಟರಿನಲ್ಲಿ ಇರುವುದು ಅಗಲದ ರೋಲು. ಎಷ್ಟೋ ವರ್ಷದಿಂದ ಅದೇ ರೋಲು, ಅದೇ ಪ್ರಿಂಟರ್, ಅದೇ ಕೈ. ಸಂಜೆ ಇನ್ನೊಂದು ಸಲ ನೋಡಿದ್ದರೂ ಅವರಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು.

ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟಾಗ ಇನ್ನೊಂದು ಮೆಟ್ಟಿಲಿದ್ದರೆ ಆಗುವ ಹಾಗೆ ಒಳಗೆ ಏನೋ ಜಾರಿತು. ಒಂದು ಗಳಿಗೆ ಮಾತ್ರ. ಅವರು ಹೊಸಬಳ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಅಲ್ಲಿ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು.

"ಪಕ್ಕಕ್ಕೆ ಬಾ ಲಂಬು" ಎಂದರು. "ಗಡಿಯಾರ ಸರಿಯಾಗೇ ಇತ್ತು. ಈಗ ನೀನೇ ಕೆಡಿಸಿದೀಯ."

ಎಲ್ಲರೂ ನಕ್ಕರು. ಅಕ್ಕ ತಮ್ಮ ಜಾಗಕ್ಕೆ ಮರಳಿ, ತಾವು ಮಾಡಿದ ತಪ್ಪೇನು, ಅದು ಅಂಗಡಿಗಳಿಗೆ ಹೋಗಿದ್ದರೆ ಏನಾಗುತ್ತಿತ್ತು, ಅದನ್ನು ಹಿಡಿದದ್ದು ಯಾರು ಬರೆದ ಪರೀಕ್ಷೆ ಎಂದು ಬಿಡಿಸಿ ಹೇಳಿದರು. ಮೊಮ್ಮಗಳು ಮೊದಲ ಬಹುಮಾನ ತಂದದ್ದನ್ನು ನೆರೆಮನೆಗೆ ಹೇಳುವವರ ದನಿಯಿತ್ತು ಅದರಲ್ಲಿ. ಹೊಸಬಳು ತಲೆ ತಗ್ಗಿಸಿ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು.

"ಹಾಗಾದ್ರೆ ಬೇಕು ಅಂತೀರಾ?" ಎಂದರು ಯಜಮಾನರು.

"ಬೇಕು. ಇಷ್ಟು ದಿನ ನಾನು ನೋಡಿದ್ದನ್ನ ನೋಡೋರು ಇಲ್ಲಿ ಇರಲಿಲ್ಲ. ಈಗ ಇದಾರೆ." ಅಕ್ಕ ಲಂಬುವಿನ ಕಡೆ ತಿರುಗಿದರು. "ಆದ್ರೆ ಒಂದು ಕೇಳ್ತೀನಿ. ತಪ್ಪನ್ನ ಊರಿಗೆಲ್ಲ ಸಾರೋ ಮುಂಚೆ ಕಿವಿಯಲ್ಲಿ ಹೇಳೋದು ಅದಕ್ಕೆ ಬರಲ್ವಾ?"

"ಬರುತ್ತೆ ಅಕ್ಕ. ಕೆಂಪು ಬಂದ್ರೆ ಬರೆದವರಿಗೆ ಮಾತ್ರ ಹೋಗೋ ಹಾಗೆ ಮಾಡಬಹುದು. ಗೋಡೆ ಮೇಲೆ ಹೆಸರು ಬೇಡ ಅಂದ್ರೆ ತೆಗೀಬಹುದು. ಒಂದೆರಡು ಸಾಲಿನ ಕೆಲಸ."

"ಮತ್ತೆ ಇಷ್ಟು ದಿನ ಯಾಕಪ್ಪ ಮಾಡಲಿಲ್ಲ?"

ಲಂಬು ತಲೆ ಕೆರೆದುಕೊಂಡ. "ಯಾರೂ ಕೇಳಲಿಲ್ಲ."

ಅಂದೇ ಮಾಡಿದ. ವಾರಕ್ಕೊಮ್ಮೆಯಾದರೂ ಚೀಟಿಗಳನ್ನು ಎರಡೂ ರೋಲಿನಲ್ಲಿ ಮುದ್ರಿಸಿ ಯಾರಾದರೊಬ್ಬರು ಕೈಯಲ್ಲಿ ಹಿಡಿದೇ ಓದಬೇಕು, ಯಂತ್ರ ಇದೆಯೆಂದು ಕಣ್ಣು ಮುಚ್ಚಬಾರದು ಎಂಬುದಕ್ಕೂ ಯಜಮಾನರು ಒಪ್ಪಿದರು. ಅದನ್ನು ಹೊಸಬಳಿಗೆ ವಹಿಸಿದರು.

ಎಲ್ಲರೂ ಎದ್ದ ಮೇಲೆ ಅಕ್ಕ ಕೂತು ತಮ್ಮ ತಪ್ಪನ್ನು ತಿದ್ದಿದರು. ಮತ್ತೆ ರೂಢಿಯಂತೆ ಒಂದು ಪರೀಕ್ಷೆ ಬರೆದರು: ಎಷ್ಟು ಎಂದು ಹೇಳುವ ಪದ ಮತ್ತು ಮಾತ್ರೆ ಎಂಬ ಪದ ಯಾವ ಚೀಟಿಯಲ್ಲೂ ಬೇರೆ ಬೇರೆ ಸಾಲಿಗೆ ಹೋಗಕೂಡದು, ಜೊತೆಗೇ ಇರಬೇಕು. ಹೆಸರಿಡುವ ಕಡೆ ಬಂದು ಬೆರಳು ನಿಂತಿತು. ಬೇರೆಯವರದಕ್ಕೆಲ್ಲ ಹೆಸರು ಸೂಚಿಸಿದ್ದವರಿಗೆ ತಮ್ಮದಕ್ಕೆ ಏನೂ ಹೊಳೆಯಲಿಲ್ಲ.

ಹೊಸಬಳು ಚೀಲ ಹೆಗಲಿಗೇರಿಸಿಕೊಂಡು ಹೊರಟವಳು ಹಿಂದೆ ಬಂದು ನಿಂತಿದ್ದಳು. "'ಅಕ್ಕನ ಅರ್ಧ' ಅಂತ ಇಡಿ" ಎಂದಳು.

ಅಕ್ಕ ಹಾಗೇ ಬರೆದರು. ಪಟ್ಟಿಯ ಕೊನೆಯಲ್ಲಿ, 'ಹೊಸಬಳ ಚೀಟಿ'ಯ ಕೆಳಗೆ ಅದು ಹೋಗಿ ಕೂತಿತು. ಪರದೆ ಹಸಿರಾಯಿತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಫೋನ್ ತೆಗೆದು, ಹೊಸಬಳಿಗೆ ಕೊಟ್ಟು, ಫೋಟೊ ತೆಗೆಯುವುದು ಹೇಗೆಂದು ತಮಗೆ ಸರಿಯಾಗಿ ಬರುವುದಿಲ್ಲ, ತೆಗೆದುಕೊಡು ಎಂದರು. ಬರುತ್ತಿತ್ತು ಅವರಿಗೆ.

ಅವತ್ತು ಮೆಟ್ಟಿಲಿಳಿಯುವಾಗ ಕೆಳಗಿನ ಅಂಗಡಿ ಇನ್ನೂ ತೆರೆದಿತ್ತು. ಅಷ್ಟು ವರ್ಷ ಅಕ್ಕ ಇಳಿಯುವಷ್ಟರಲ್ಲಿ ಅದು ಮುಚ್ಚಿರುತ್ತಿತ್ತು, ಇಸ್ತ್ರಿಯವನನ್ನು ಅವರು ನೋಡುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಅವನು ಕೈ ಎತ್ತಿದ. ಮನೆಗೆ ಹೋದಾಗ ಅವರ ಪತಿ ಬಾಗಿಲಲ್ಲೇ ಗಾಬರಿಯಾದರು. "ಯಾಕೆ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು. ಮುಂದಿನ ಒಂದು ವಾರವೂ ಅವರು ಹಾಗೇ ಬಾಗಿಲಿಗೆ ಬಂದರು. ಆಮೇಲೆ ಅಭ್ಯಾಸವಾಯಿತು.

ಮಾತ್ರೆ ಮುಗಿದು ಅವರು ಬೀದಿಯ ಕೊನೆಯ ಅಂಗಡಿಯಿಂದ ಹೊಸ ಪೊಟ್ಟಣ ತಂದದ್ದು ಇದಾದ ಸ್ವಲ್ಪ ದಿನಕ್ಕೆ. ಊಟವಾಗಿತ್ತು. ಅಕ್ಕ ತಟ್ಟೆಗಳನ್ನು ಒರೆಸುತ್ತಿದ್ದರು. ಅವರು ಪೊಟ್ಟಣವನ್ನು ಕೈಗೆತ್ತಿಕೊಂಡು ತೋಳು ಚಾಚಲು ಹೋದವರು ಅರ್ಧದಲ್ಲೇ ನಿಲ್ಲಿಸಿದರು. ಹತ್ತಿರ ತಂದರು. ಒಂದನೇ ತರಗತಿಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದರು.

"ಅರ್ಧ ಮಾತ್ರೆ. ರಾತ್ರಿ. ಊಟದ ನಂತರ." ಮತ್ತೊಮ್ಮೆ ಓದಿಕೊಂಡರು. "ನೋಡಿದ್ಯಾ, ಈ ಅಂಗಡಿಯವನಿಗೆ ಅಂತೂ ಬುದ್ಧಿ ಬಂತು."

"ಹೂಂ" ಎಂದರು ಅಕ್ಕ.

ಅವರು ಮಾತ್ರೆಯನ್ನು ನಡುವಿನ ಗೆರೆಗೆ ಉಗುರಿಟ್ಟು ಮುರಿದರು. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದು, ಇನ್ನೊಂದನ್ನು ಜೋಪಾನವಾಗಿ ಪೊಟ್ಟಣದೊಳಗೆ ಸೇರಿಸಿ, ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲೆ, ಚೀಟಿ ಈಚೆಗೆ ಕಾಣುವ ಹಾಗೆ ನಿಲ್ಲಿಸಿದರು. ಕನ್ನಡಕ ಮಡಿಸಿದ್ದು ಮಡಿಸಿದಂತೆಯೇ ಪಕ್ಕದಲ್ಲಿತ್ತು.